ಬರಗಾಲವನ್ನು ಜಗತ್ತಿಗೆ ತೋರಿಸಿದ ಮುಹಮ್ಮದ್ ಅಮೀನ್

1984ರ ಅಕ್ಟೋಬರ್ 23ರಂದು ಬಿಬಿಸಿ ಟೆಲಿವಿಷನ್ ಇಥಿಯೋಪಿಯದ ಬರಗಾಲದ ಕುರಿತು ಕೆಲವೇ ನಿಮಿಷಗಳ ಒಂದು ವರದಿಯನ್ನು ಪ್ರಸಾರ ಮಾಡಿತು. ಕೊರೆಮ್ ಎಂಬ ಊರಿನ ಬಯಲಿನಲ್ಲಿ ಮುಂಜಾನೆಯ ಚಳಿಗೆ ಮುದುಡಿ ಕುಳಿತ ಸಾವಿರಾರು ಜನ, ಬಟ್ಟೆಯಲ್ಲಿ ಸುತ್ತಿಟ್ಟ ಹೆಣಗಳು, ಅಳಲೂ ತ್ರಾಣವಿಲ್ಲದ ಮಕ್ಕಳು. ಜಗತ್ತಿನ 425 ಟಿವಿ ಕೇಂದ್ರಗಳು ಅದನ್ನು ಮರುಪ್ರಸಾರ ಮಾಡಿದವು. ಸುಮಾರು 47 ಕೋಟಿ ಜನ ಅದನ್ನು ನೋಡಿದರೆಂಬ ಅಂದಾಜಿದೆ. ಅದನ್ನು ಕಂಡ ಗಾಯಕ ಬಾಬ್ ಗೆಲ್ಡಾಫ್ ಡಿಸೆಂಬರ್‌ನಲ್ಲಿ ಪರಿಹಾರನಿಧಿಗಾಗಿ ಹಾಡೊಂದನ್ನು ಹೊರತಂದರು. 1985ರ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾಗಳಲ್ಲಿ 'ಲೈವ್ ಏಡ್' ಸಂಗೀತ ಕಾರ್ಯಕ್ರಮ ನಡೆಯಿತು.

ವರದಿಗೆ ಧ್ವನಿ ನೀಡಿದ ಮೈಕೆಲ್ ಬ್ಯೂರ್ಕ್ ಪ್ರಸಿದ್ಧರಾದರು. ಗೆಲ್ಡಾಫ್ ಮನೆಮಾತಾದರು. ಆದರೆ ಆ ದೃಶ್ಯಗಳನ್ನು ಸೆರೆಹಿಡಿದವರು ಯಾರು? ನೈರೋಬಿಯ ಮುಹಮ್ಮದ್ ಅಮೀನ್. ಗೆಳೆಯರಿಗೆ 'ಮೋ'.

ಅಮೀನರ ಕತೆ ಪೂರ್ವ ಆಫ್ರಿಕಾದ ಭಾರತೀಯರ ಕತೆಯೂ ಹೌದು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಿಸಿದಾಗ ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಕರೆದೊಯ್ದಿದ್ದರು. ಅವರಲ್ಲಿ ಬಹುಪಾಲು ಪಂಜಾಬಿನವರು. ಸುಮಾರು 2,500 ಮಂದಿ ಅಲ್ಲೇ ಮಣ್ಣಾದರು. ರೈಲಿನ ಕೆಲಸವನ್ನೇ ನಂಬಿ ಆ ನಂತರವೂ ಪಂಜಾಬಿನಿಂದ ಜನ ಹೋಗುತ್ತಲೇ ಇದ್ದರು. ಅಂತಹ ಒಂದು ಕುಟುಂಬದಲ್ಲಿ 1943ರ ಆಗಸ್ಟ್ 29ರಂದು ನೈರೋಬಿಯಲ್ಲಿ ಅಮೀನ್ ಹುಟ್ಟಿದರು. ಬಾಲ್ಯ ಕಳೆದದ್ದು ಬಹುಪಾಲು ದಾರುಸ್ಸಲಾಮಿನಲ್ಲಿ. ಹಳೆಯ ಬಾಕ್ಸ್ ಬ್ರೌನಿ ಕ್ಯಾಮರಾ ಅವರ ಮೊದಲ ಬಂಡವಾಳ. 1963ರಲ್ಲಿ, ಇಪ್ಪತ್ತು ತುಂಬುವ ವಯಸ್ಸಿನಲ್ಲಿ, ಅವರು 'ಕ್ಯಾಮರಾಪಿಕ್ಸ್' ಎಂಬ ಸ್ವಂತ ಸಂಸ್ಥೆ ಕಟ್ಟಿದರು. ದೊಡ್ಡ ಸುದ್ದಿಸಂಸ್ಥೆಗಳಿಗೆ ಚಿತ್ರ ಮಾರುವುದು, ಮಾರಿದ್ದಕ್ಕೆ ಮಾತ್ರ ಹಣ ಪಡೆಯುವುದು. ಸ್ವತಂತ್ರ ಪತ್ರಕರ್ತನ ಬದುಕು ಎಂದರೆ ಇದೇ. ಸಂಬಳದ ಭರವಸೆಯಿಲ್ಲ, ಸಿಕ್ಕಿಬಿದ್ದರೆ ಬಿಡಿಸುವವರಿಲ್ಲ.

ಇದರ ಅರ್ಥ ಅಮೀನರಿಗೆ ಬೇಗನೆ ತಿಳಿಯಿತು. 1964ರ ಜನವರಿಯಲ್ಲಿ ಜಂಜಿಬಾರ್‌ನಲ್ಲಿ ಕ್ರಾಂತಿ ನಡೆದು ಸುಲ್ತಾನನ ಆಡಳಿತ ಕೊನೆಗೊಂಡಾಗ ಅವರು ಅದನ್ನು ಚಿತ್ರಿಸಿದ್ದರು. ಮುಂದೆ ಆ ದ್ವೀಪದ ಸೈನಿಕರಿಗೆ ಸೋವಿಯತ್ ಮತ್ತು ಪೂರ್ವ ಜರ್ಮನಿಯವರು ತರಬೇತಿ ಕೊಡುತ್ತಿದ್ದುದೂ ಅವರ ಕ್ಯಾಮರಾಕ್ಕೆ ಸಿಕ್ಕಿತು. 1966ರಲ್ಲಿ ಅವರನ್ನು ಬಂಧಿಸಿ ಜಂಜಿಬಾರ್‌ನ ಸೆರೆಮನೆಯಲ್ಲಿ ಸುಮಾರು ನಾಲ್ಕು ವಾರ ಇಟ್ಟು ಹಿಂಸಿಸಲಾಯಿತು. ಬಳಿಕ ದೇಶದಿಂದಲೇ ಹೊರಹಾಕಲಾಯಿತು. ಅವರು ನೈರೋಬಿಗೆ ಬಂದು ಮೊದಲಿನಿಂದ ಆರಂಭಿಸಿದರು. 1969ರ ಜುಲೈ 5ರಂದು ಕೆನ್ಯದ ಸಚಿವ ಟಾಮ್ ಎಂಬೋಯಾ ನೈರೋಬಿಯ ಬೀದಿಯಲ್ಲಿ ಗುಂಡಿಗೆ ಬಲಿಯಾದಾಗ ಸ್ಥಳಕ್ಕೆ ಧಾವಿಸಿ, ಆಂಬುಲೆನ್ಸಿನೊಳಗಿನ ಕೊನೆಯ ಗಳಿಗೆಗಳನ್ನೂ ಚಿತ್ರೀಕರಿಸಿದರು. ಅದಕ್ಕಾಗಿ ಬ್ರಿಟನ್ನಿನ ವರ್ಷದ ಟಿವಿ ಕ್ಯಾಮರಾಮನ್ ಪ್ರಶಸ್ತಿ ಅವರಿಗೆ ಬಂತು. ಮುಂದೆ 'ವಿಸ್‌ನ್ಯೂಸ್' ಸಂಸ್ಥೆಯ ಆಫ್ರಿಕಾ ವಿಭಾಗದ ಹೊಣೆಯನ್ನೂ ಹೊತ್ತರು.

ಆದರೆ ಅಮೀನರನ್ನು ಕೇವಲ ಸುದ್ದಿಯ ಹಿಂದೆ ಓಡಿದ ಕ್ಯಾಮರಾಮನ್ ಎಂದು ತಿಳಿದರೆ ಅರ್ಧವನ್ನಷ್ಟೇ ಕಂಡಂತೆ. ಸುದ್ದಿಯಿಲ್ಲದ ದಿನಗಳಲ್ಲಿ ಅವರು ನಿಧಾನದ ಕೆಲಸ ಮಾಡುತ್ತಿದ್ದರು. ಹಜ್ ಯಾತ್ರೆಯ ಕುರಿತ ಅವರ ಚಿತ್ರಗ್ರಂಥ 1978ರಲ್ಲಿ ಬಂತು. ತುರ್ಕಾನಾ ಸರೋವರದ ತೀರದ ಬುಡಕಟ್ಟುಗಳ ಬದುಕನ್ನು ಕುರಿತ 'ಕ್ರೇಡಲ್ ಆಫ್ ಮ್ಯಾನ್‌ಕೈಂಡ್' 1981ರಲ್ಲಿ ಪ್ರಕಟವಾಯಿತು. 1982ರಲ್ಲಿ ಕೆನ್ಯ ಮತ್ತು ಪಾಕಿಸ್ತಾನಗಳನ್ನು ಕುರಿತ ಗ್ರಂಥಗಳು ಬಂದವು. ತನ್ನ ಪೂರ್ವಜರ ನಾಡಿನವರು ಬೆವರು ಹರಿಸಿದ್ದ ರೈಲುಮಾರ್ಗದ ಬಗ್ಗೆಯೂ ಒಂದು ಪುಸ್ತಕ ಮಾಡಿದರು. ಒಂದು ನಾಡಿನ ದಾರಿ, ಭಾಷೆ, ಅಧಿಕಾರಿ, ಮಳೆಗಾಲ ಎಲ್ಲವನ್ನೂ ಅರಿಯದೆ ಇಂತಹ ಪುಸ್ತಕಗಳನ್ನು ಮಾಡಲಾಗದು.

1984ರಲ್ಲಿ ಕೈಹಿಡಿದದ್ದು ಈ ತಿಳುವಳಿಕೆಯೇ. ಇಥಿಯೋಪಿಯದ ಆಳುವವರಿಗೆ ಕ್ಯಾಮರಾದ ಭಯವಿತ್ತು. ಅದಕ್ಕೆ ಕಾರಣವೂ ಇತ್ತು. 1973ರಲ್ಲಿ ವೊಲ್ಲೊ ಪ್ರಾಂತದ ಬರಗಾಲವನ್ನು ಬ್ರಿಟನ್ನಿನ ಜೊನಾಥನ್ ಡಿಂಬಲ್ಬಿ ಒಂದು ಟಿವಿ ಚಿತ್ರದಲ್ಲಿ ಬಯಲಿಗೆಳೆದಿದ್ದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯ ಸಿಂಹಾಸನ ಉರುಳಿತು. ಅವನ ಜಾಗಕ್ಕೆ ಬಂದ ಸೈನಿಕ ಸರಕಾರ 1984ರ ಸೆಪ್ಟೆಂಬರ್‌ನಲ್ಲಿ ತನ್ನ ಕ್ರಾಂತಿಯ ಹತ್ತನೆಯ ವರ್ಷಾಚರಣೆಯನ್ನು ಅದ್ದೂರಿಯಾಗಿ ನಡೆಸುತ್ತಿತ್ತು. ಆ ಹೊತ್ತಿನಲ್ಲಿ ಹಸಿದವರ ಚಿತ್ರ ಯಾರಿಗೆ ಬೇಕಿತ್ತು? ಅಮೀನ್ ತಮ್ಮ ಹಳೆಯ ಪರಿಚಯಗಳನ್ನೆಲ್ಲ ಬಳಸಿ, ಪಟ್ಟುಹಿಡಿದು ಉತ್ತರದ ಪ್ರಾಂತಗಳಿಗೆ ಹೋಗುವ ಪರವಾನಗಿ ಗಳಿಸಿದರು. ಲಂಡನ್ನಿನ ಸ್ಟುಡಿಯೋಗಳಲ್ಲಿ ಕುಳಿತವರಿಂದ ಆಗದ ಕೆಲಸ ಅದು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಆ ದೃಶ್ಯಗಳು ಹಸಿವನ್ನು ತೋರಿಸಿದವು. ಹಸಿವಿನ ಕಾರಣವನ್ನು ಅಷ್ಟಾಗಿ ತೋರಿಸಲಿಲ್ಲ. ಮಳೆ ಬಾರದಿದ್ದುದು ನಿಜ. ಆದರೆ ಟಿಗ್ರೆ ಮತ್ತು ಎರಿಟ್ರಿಯದ ಬಂಡುಕೋರರ ಮೇಲಿನ ಯುದ್ಧದಲ್ಲಿ ಸೈನ್ಯವು ಸಂತೆಗಳ ಮೇಲೆ ಬಾಂಬು ಹಾಕಿ, ಧಾನ್ಯದ ಸಾಗಾಟ ತಡೆದು ಬರವನ್ನು ಬರಗಾಲವಾಗಿಸಿತ್ತು. ಬಳಿಕ ಪುನರ್ವಸತಿಯ ಹೆಸರಿನಲ್ಲಿ ಸುಮಾರು ಆರು ಲಕ್ಷ ಜನರನ್ನು ದಕ್ಷಿಣಕ್ಕೆ ಸಾಗಿಸಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಒಲ್ಲದೆ ಹೋದವರು. ಸತ್ತವರ ಸಂಖ್ಯೆ ನಾಲ್ಕು ಲಕ್ಷದಿಂದ ಹತ್ತು ಲಕ್ಷದವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. ಟಿವಿ ನೋಡಿದವರು ಇದನ್ನು ದೈವದ ಮುನಿಸೆಂದು ತಿಳಿದು ಹಣ ಕಳುಹಿಸಿದರು. ಆ ಹಣ ಜೀವಗಳನ್ನು ಉಳಿಸಿತು, ಅದು ಸಣ್ಣ ಮಾತಲ್ಲ. ಆದರೆ ಹಸಿವಿಗೆ ಹೊಣೆಗಾರರಿದ್ದಾರೆ ಎಂಬ ಪ್ರಶ್ನೆ ಹಾಡು-ಕುಣಿತದ ಸದ್ದಿನಲ್ಲಿ ಅಡಗಿಹೋಯಿತು. ಚಿತ್ರ ಮನಸ್ಸನ್ನು ಕಲಕಬಲ್ಲದು. 'ಯಾಕೆ ಹೀಗಾಯಿತು' ಎಂಬುದಕ್ಕೆ ಬರಹ ಬೇಕು, ಸಂಶೋಧನೆ ಬೇಕು, ಮತ್ತೆ ಮತ್ತೆ ಅಲ್ಲಿಗೆ ಹೋಗುವ ತಾಳ್ಮೆ ಬೇಕು.

ಅಮೀನ್ ಮತ್ತೆ ಮತ್ತೆ ಹೋದರು. 1985ರಲ್ಲಿ ಅದೇ ಬರಗಾಲದ ಕುರಿತು 'ಆಫ್ರಿಕನ್ ಕ್ಯಾಲ್ವರಿ' ಎಂಬ ಸಾಕ್ಷ್ಯಚಿತ್ರ ಮಾಡಿದರು. 1991ರಲ್ಲಿ ಸೈನಿಕ ಸರಕಾರ ಬಿದ್ದಾಗಲೂ ಅಡಿಸ್ ಅಬಾಬಾದಲ್ಲಿದ್ದರು. ಜೂನ್‌ನಲ್ಲಿ ಅಲ್ಲಿನ ಮದ್ದುಗುಂಡಿನ ಉಗ್ರಾಣ ಸ್ಫೋಟಿಸಿದಾಗ ಅವರ ಎಡಗೈ ಹೋಯಿತು. ಜೊತೆಗಿದ್ದ ಧ್ವನಿಮುದ್ರಕ ಜಾನ್ ಮಥಾಯ್ ಪ್ರಾಣವನ್ನೇ ಕಳೆದುಕೊಂಡರು. ಕೃತಕ ಕೈ ಜೋಡಿಸಿಕೊಂಡು ಅಮೀನ್ ಕೆಲವೇ ತಿಂಗಳಲ್ಲಿ ಕ್ಯಾಮರಾ ಹಿಡಿದರು.

1996ರ ನವೆಂಬರ್ 23ರಂದು ಅವರು ಅಡಿಸ್ ಅಬಾಬಾದಿಂದ ನೈರೋಬಿಗೆ ಹೊರಟಿದ್ದ ವಿಮಾನವನ್ನು ಮೂವರು ಅಪಹರಿಸಿ ಆಸ್ಟ್ರೇಲಿಯಕ್ಕೆ ಒಯ್ಯುವಂತೆ ಒತ್ತಾಯಿಸಿದರು. ಇಂಧನ ಮುಗಿದು ವಿಮಾನ ಕೊಮೊರೊಸ್ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. 175 ಮಂದಿಯಲ್ಲಿ 125 ಮಂದಿ ಮಡಿದರು. ಅಮೀನ್ ಕೊನೆಯವರೆಗೂ ಎದ್ದುನಿಂತು ಅಪಹರಣಕಾರರೊಂದಿಗೆ ಮಾತಾಡುತ್ತಿದ್ದರೆಂದು ಬದುಕುಳಿದವರು ಹೇಳಿದರು. ಆಗ ಅವರಿಗೆ 53 ವರ್ಷ.

ಅವರ ಮಗ ಸಲೀಂ ಅಮೀನ್ ತಂದೆಯ ಅಪಾರ ಚಿತ್ರಸಂಗ್ರಹವನ್ನು ಕಾಪಾಡಿಕೊಂಡು ಬಂದಿದ್ದಾರೆ. ವಸಾಹತುಗಳು ಸ್ವತಂತ್ರವಾದ ದಿನಗಳಿಂದ ಹಿಡಿದು ಮೂರು ದಶಕಗಳ ಆಫ್ರಿಕಾದ ಇತಿಹಾಸ ಅದರಲ್ಲಿದೆ. ಹೊರಗಿನಿಂದ ಬಂದು ಹೋದವರ ಕಣ್ಣಿಗೆ ಬೀಳದ್ದು ಅಲ್ಲೇ ಹುಟ್ಟಿ ಬೆಳೆದವನಿಗೆ ಕಂಡಿತ್ತು. ದೂರದ ನಾಡಿನ ದುರಂತವೊಂದು ಪರದೆಯ ಮೇಲೆ ಬಂದಾಗ ಮಾತಾಡುವವನ ಮುಖವನ್ನು ನಾವೆಲ್ಲ ನೋಡುತ್ತೇವೆ. ಕ್ಯಾಮರಾದ ಹಿಂದೆ ನಿಂತಿರುವ ಆ ನೆಲದವನು ಯಾರು, ಅವನಿಗೆ ಏನಾದರೂ ಆದರೆ ಅವನ ಮನೆಯವರಿಗೆ ದಿಕ್ಕು ಯಾರು ಎಂದೂ ಒಮ್ಮೆ ಕೇಳಿಕೊಳ್ಳಬೇಕು.