ಕಡತದಿಂದ ಕಾರ್ಡಿಗೆ: ತಗಡೂರು ಸೀಮೆಯಲ್ಲಿ ತಿರುಗುವ ಸಾಲ

ನಂಜನಗೂಡು ತಾಲ್ಲೂಕಿನ ತಗಡೂರು, ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಸೀಮೆಗೆ ಸೇರಿದ ಊರು. ಈ ಸೀಮೆಯ ಬೇಸಾಯ ಒಂದೇ ಸುಗ್ಗಿಯ ಲೆಕ್ಕಕ್ಕೆ ಸಿಗುವಂಥದಲ್ಲ. ರಾಗಿ, ಜೋಳ, ಹತ್ತಿ, ಹುರುಳಿಗಳು ಮಳೆಯನ್ನು ಕಾದು ಬೆಳೆಯುತ್ತವೆ. ನಾಲೆಯ ನೀರು ಮುಟ್ಟುವಲ್ಲಿ ಬತ್ತಕ್ಕೆ ನಾಲ್ಕೈದು ತಿಂಗಳು, ಕಬ್ಬಿಗೆ ಸುಮಾರು ಒಂದು ವರ್ಷ ಬೇಕಾದರೆ, ಹಿಪ್ಪುನೇರಳೆಯ ತೋಟವಿರುವ ಮನೆಯಲ್ಲಿ ರೇಷ್ಮೆಗೂಡು ವರ್ಷಕ್ಕೆ ಐದಾರು ಬಾರಿ ಮಾರಾಟಕ್ಕೆ ಬರುತ್ತದೆ. ಹಣ ಹೊರಗೆ ಹೋಗುವ ದಿನಕ್ಕೂ ಮನೆಗೆ ಬರುವ ದಿನಕ್ಕೂ ನಡುವೆ ಇರುವ ಅಂತರ ಹೀಗೆ ಬೆಳೆಯಿಂದ ಬೆಳೆಗೆ ಬದಲಾಗುವುದರಿಂದ, ಒಮ್ಮೆಗೇ ಪಡೆದು ಒಮ್ಮೆಗೇ ತೀರಿಸುವ ಸಾಲಕ್ಕಿಂತ, ಗೊತ್ತಾದ ಮಿತಿಯೊಳಗೆ ಬೇಕಾದಾಗ ತೆಗೆದು, ಕೈಗೆ ಬಂದಾಗ ಕಟ್ಟಿ, ಕಟ್ಟಿದ್ದನ್ನು ಮತ್ತೆ ತೆಗೆಯಬಹುದಾದ ಸಾಲವೇ ಇಲ್ಲಿನ ರೈತನಿಗೆ ಒಗ್ಗುತ್ತದೆ. ಅರ್ಥಶಾಸ್ತ್ರದವರು ಇದನ್ನು ಆವರ್ತ ಸಾಲ ಎನ್ನುತ್ತಾರೆ. ಕೊಡುವವರನ್ನು ಬದಲಿಸುವ ಅನುಕೂಲವಿಲ್ಲದ ರೈತನಿಗೆ, ಇದ್ದ ಒಂದೇ ಬಾಗಿಲಲ್ಲಿ ಇಂಥ ಸಾಲ ಯಾವಾಗ ದೊರೆಯಿತು, ಯಾವಾಗ ತಪ್ಪಿತು ಎಂಬುದನ್ನು ನೋಡಿದರೆ ಹಳ್ಳಿಯ ಸಾಲದ ಚರಿತ್ರೆ ಬೇರೆಯದೇ ರೂಪದಲ್ಲಿ ಕಾಣುತ್ತದೆ.

ಬ್ಯಾಂಕುಗಳು ಬರುವುದಕ್ಕೆ ಬಹಳ ಮೊದಲೇ ಈ ಬಗೆಯ ಸಾಲ ಹಳ್ಳಿಯಲ್ಲಿತ್ತು. ಹಳೆಯ ಮೈಸೂರು ಸೀಮೆಯ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತವೆಂದರೆ, ಹುಣಸೆಬೀಜದ ಅಂಟಿಗೆ ಇದ್ದಿಲಿನ ಪುಡಿ ಬೆರೆಸಿ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು, ಬರೆದದ್ದನ್ನು ಒರೆಸಿ ಮತ್ತೆ ಬರೆಯಲೂ ಬಹುದಿತ್ತು. ಸಾಹುಕಾರನ ಬಳಿ ರೈತನ ಖಾತೆ ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಬಿತ್ತನೆಗೆ ಕಾಳು, ಹಬ್ಬಕ್ಕೆ ಬಟ್ಟೆ, ಎತ್ತು ಸತ್ತರೆ ನಗದು, ಸುಗ್ಗಿಯಲ್ಲಿ ಧಾನ್ಯದ ರೂಪದ ತಿರುವಳಿ, ಹೀಗೆ ಕೊಡುಕೊಳ್ಳುವಿಕೆ ತಲೆಮಾರುಗಳವರೆಗೆ ನಡೆಯುತ್ತಿತ್ತು. ಅರ್ಜಿಯಿಲ್ಲದೆ, ಹೊತ್ತು ನೋಡದೆ ದೊರೆಯುತ್ತಿದ್ದ ಆ ಸಾಲದ ಸಡಿಲತೆಯನ್ನು ಮುಂದಿನ ಯಾವ ಸಂಸ್ಥೆಯೂ ಸುಲಭವಾಗಿ ಸರಿಗಟ್ಟಲಿಲ್ಲ. ಆದರೆ ಲೆಕ್ಕ ಬರೆಯುವವನೂ ಬಡ್ಡಿ ಗೊತ್ತುಮಾಡುವವನೂ ಬೆಳೆಗೆ ಬೆಲೆ ಕಟ್ಟುವವನೂ ಒಬ್ಬನೇ ಆಗಿದ್ದುದರಿಂದ, ಸಾಲ ತಿರುಗುತ್ತಿದ್ದರೂ ಸಾಲಗಾರನಿಗೆ ಬಿಡುಗಡೆಯಿರಲಿಲ್ಲ. ಅಸಲು ಬೆಳೆದಂತೆ ಹೊಲ ಭೋಗ್ಯಕ್ಕೆ, ಅಂದರೆ ಬಡ್ಡಿಗೆ ಬದಲಾಗಿ ಸಾಲಕೊಟ್ಟವನೇ ಫಲವನ್ನು ಅನುಭವಿಸುವ ಅಡಮಾನಕ್ಕೆ ಹೋಗುತ್ತಿತ್ತು.

ತಗಡೂರಿನ ಮಟ್ಟಿಗೆ ಇದಕ್ಕೆ ಪರ್ಯಾಯವಾದ ಇನ್ನೊಂದು ಸುತ್ತು ಆರಂಭವಾದದ್ದು ಖಾದಿಯಿಂದ. ಗಾಂಧಿವಾದಿ ತಗಡೂರು ರಾಮಚಂದ್ರರಾಯರು ತಮ್ಮ ಊರಿನಲ್ಲೂ ನೆರೆಯ ಬದನವಾಳಿನಲ್ಲೂ 1920ರ ದಶಕದಲ್ಲಿ ಕಟ್ಟಿ ಬೆಳೆಸಿದ ನೂಲುವ ಕೆಲಸ ಮುಖ್ಯವಾಗಿ ಬಡ ಹೆಣ್ಣುಮಕ್ಕಳದು. ಖಾದಿ ಕೇಂದ್ರಗಳ ರೂಢಿಯಂತೆ ನೂಲುವವಳು ಹಂಜಿಯನ್ನು, ಅಂದರೆ ನೂಲಲು ಹದಮಾಡಿದ ಹತ್ತಿಯ ಸುರುಳಿಯನ್ನು, ಮೊದಲೇ ಪಡೆದು, ನೂಲಿನ ಲಡಿಗಳನ್ನು ತಂದೊಪ್ಪಿಸಿ, ಕೂಲಿಯನ್ನೂ ಮುಂದಿನ ಸರದಿಯ ಹಂಜಿಯನ್ನೂ ಒಟ್ಟಿಗೆ ಕೊಂಡೊಯ್ಯುತ್ತಾಳೆ. ಕಟ್ಟುನಿಟ್ಟಾದ ಅರ್ಥದಲ್ಲಿ ಇದು ಸಾಲವಲ್ಲ. ಆದರೂ ಅಡವಿಡಲು ಏನೂ ಇಲ್ಲದವರ ಮನೆಗೆ ಬಂಡವಾಳವೊಂದು ಹತ್ತಿಯ ರೂಪದಲ್ಲಿ ಬಂದು, ದುಡಿಮೆಯಾಗಿ ಹಿಂದಿರುಗಿ, ಮತ್ತೆ ಬರುವ ಈ ಕ್ರಮವನ್ನು ಸೀಮೆಯ ಸಾಲದ ಚರಿತ್ರೆಯಿಂದ ಹೊರಗಿಡುವುದು ನ್ಯಾಯವಲ್ಲ.

ಸರ್ಕಾರದ ಪ್ರಯತ್ನಗಳು ಬೇರೆ ದಾರಿ ಹಿಡಿದವು. ಮೈಸೂರು ಸರ್ಕಾರ 1894ರಲ್ಲಿ ಕೈಗೊಂಡ ಕೃಷಿ ಬ್ಯಾಂಕುಗಳ ಯೋಜನೆ ಬೇರೂರಲಿಲ್ಲ. 1905ರಲ್ಲಿ ಸಂಸ್ಥಾನದ ಸಹಕಾರ ಸಂಘಗಳ ಕಾನೂನು ಬಂದಿತು. ಅದೇ ವರ್ಷ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ಪತ್ತು ಎಂದರೆ ಒಬ್ಬನ ಮೇಲಿನ ನಂಬಿಕೆಯಿಂದ ಹುಟ್ಟುವ ಸಾಲದ ಯೋಗ್ಯತೆ. ಈ ಸಂಘಗಳು ಬಡ್ಡಿಯನ್ನು ಇಳಿಸಿದವು, ಲೆಕ್ಕವನ್ನು ಸದಸ್ಯರ ಮುಂದೆ ತೆರೆದಿಟ್ಟವು. ಆದರೆ ಸಾಲಕ್ಕೆ ಉದ್ದೇಶ ಹೇಳಬೇಕು, ಜಾಮೀನು ತರಬೇಕು, ಗಡುವಿನಲ್ಲಿ ಇಡಿಯಾಗಿ ತೀರಿಸಬೇಕು ಎಂಬ ಕ್ರಮದಿಂದ, ಕಡತದಲ್ಲಿದ್ದ ತಿರುಗುವ ಗುಣ ಸಂಘದ ಪುಸ್ತಕಕ್ಕೆ ಬರಲಿಲ್ಲ. ರೈತ ಸಾಹುಕಾರ, ಸಂಘ ಎರಡೂ ಕಡೆ ವ್ಯವಹರಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆದಾಗ ದೇಶದ ಕೃಷಿಕರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3.1, ವಾಣಿಜ್ಯ ಬ್ಯಾಂಕುಗಳದು ಶೇಕಡಾ 0.9 ಮಾತ್ರವಾಗಿದ್ದು, ಲೇವಾದೇವಿಗಾರರ ಪಾಲು ಶೇಕಡಾ 70ರ ಹತ್ತಿರವಿತ್ತು.

ತಿರುಗುವ ಸಾಲ ಬ್ಯಾಂಕುಗಳಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಸ್ಕಾಟ್ಲೆಂಡಿನ ರಾಯಲ್ ಬ್ಯಾಂಕ್ 1728ರಲ್ಲೇ ಎಡಿನ್‌ಬರೋದ ವರ್ತಕನೊಬ್ಬನಿಗೆ, ಖಾತೆಯಲ್ಲಿರುವುದಕ್ಕಿಂತ 1,000 ಪೌಂಡು ಹೆಚ್ಚಿಗೆ ತೆಗೆಯಲು ಒಪ್ಪಿಗೆ ಕೊಟ್ಟಿತ್ತು. ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್ ಎಂಬ ಹೆಸರುಗಳಲ್ಲಿ ಭಾರತಕ್ಕೂ ಬಂದ ಈ ಪದ್ಧತಿಯಲ್ಲಿ, ಬಳಸಿದಷ್ಟು ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ ಬೀಳುತ್ತದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಯಾದ ಮೇಲೆ ಸಂಸ್ಥಾನದ ವ್ಯಾಪಾರಕ್ಕೆ ತನ್ನದೇ ಬ್ಯಾಂಕು ದೊರೆಯಿತು. ಬತ್ತ ಕೊಳ್ಳುವ ಮಂಡಿಗೆ ದೊರೆಯಬಲ್ಲ ಈ ತಿರುಗುವ ಸಾಲದ ಅನುಕೂಲ ಬತ್ತ ಬೆಳೆಯುವವನಿಗೆ ದೊರೆಯಲು ಶತಮಾನ ಮುಗಿಯುವವರೆಗೆ ಕಾಯಬೇಕಾಯಿತು. ಇದು ಈ ಚರಿತ್ರೆಯ ಅತ್ಯಂತ ನೋವಿನ ಸಂಗತಿ.

1969ರ ರಾಷ್ಟ್ರೀಕರಣದ ನಂತರ ಬ್ಯಾಂಕುಗಳು ಹಳ್ಳಿಗೆ ಬಂದವು. 1976ರಲ್ಲಿ ಮೈಸೂರಿನಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಹುಟ್ಟಿತು. ಅದೇ ವರ್ಷ ದೇವರಾಜ ಅರಸು ಸರ್ಕಾರದ ಋಣ ಪರಿಹಾರ ಕಾನೂನು ಸಣ್ಣ ರೈತರ, ಕೂಲಿಕಾರರ ಹಳೆಯ ಸಾಲಗಳನ್ನು ಕೊನೆಗಾಣಿಸಿತು. ಅನ್ಯಾಯದ ಕಡತ ಮುಚ್ಚಿದ್ದು ಸರಿಯೇ ಆಗಿತ್ತು. ಆದರೆ ಅದರ ಜಾಗಕ್ಕೆ ಬಂದ ಬೆಳೆಸಾಲ ಎಕರೆಗೆ ಇಷ್ಟೆಂದು ಗೊತ್ತಾದ, ಪ್ರತಿ ಹಂಗಾಮಿಗೂ ಹೊಸ ಕಾಗದ ಕೇಳುವ ಸಾಲವಾಗಿತ್ತು. 1989ರಲ್ಲಿ ಜಾರಿಗೆ ಬಂದ ಸೇವಾ ಕ್ಷೇತ್ರ ಪದ್ಧತಿ ಪ್ರತಿ ಶಾಖೆಗೂ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು ಹಳ್ಳಿಗಳನ್ನು ಹಂಚಿಕೊಟ್ಟುದರಿಂದ, ರೈತನ ಬ್ಯಾಂಕನ್ನು ಅವನ ಊರೇ ನಿರ್ಧರಿಸುವಂತಾಯಿತು. ಬೇರೆಡೆ ಬಾಕಿಯಿಲ್ಲವೆಂಬ ಪತ್ರಕ್ಕಾಗಿ ಶಾಖೆಯಿಂದ ಶಾಖೆಗೆ ಅಲೆಯುವುದೂ ರೂಢಿಯಾಯಿತು.

ಕೃಷಿ ಸಾಲದ ಬಗೆಗಿನ ಆರ್.ವಿ. ಗುಪ್ತಾ ಸಮಿತಿಯ ಶಿಫಾರಸಿನ ಬೆನ್ನಿಗೆ 1998ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ರೂಪಿಸಿದ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯ ಮಹತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ರೈತ ತನ್ನ ಬ್ಯಾಂಕನ್ನಾಗಲಿ ಸಹಕಾರ ಸಂಘವನ್ನಾಗಲಿ ಬಿಟ್ಟುಹೋಗದೆ, ಅಲ್ಲಿಯೇ ವರ್ತಕನಂತೆ ಕ್ಯಾಶ್ ಕ್ರೆಡಿಟ್ ಖಾತೆ ಹೊಂದುವುದು ಮೊದಲ ಬಾರಿಗೆ ಸಾಧ್ಯವಾಯಿತು. 2012ರ ಪರಿಷ್ಕರಣೆಯಂತೆ ಮಿತಿಯ ಲೆಕ್ಕ ಸ್ಕೇಲ್ ಆಫ್ ಫೈನಾನ್ಸ್‌ನಿಂದ, ಅಂದರೆ ಜಿಲ್ಲಾ ಸಮಿತಿಯು ಪ್ರತಿ ಬೆಳೆಗೂ ಎಕರೆವಾರು ಗೊತ್ತುಮಾಡುವ ಸಾಲದ ಪ್ರಮಾಣದಿಂದ ಆರಂಭವಾಗುತ್ತದೆ. ಪಹಣಿಯ ವಿಸ್ತೀರ್ಣದಿಂದ ಅದನ್ನು ಗುಣಿಸಿ, ಕೊಯ್ಲಿನ ನಂತರದ ಹಾಗೂ ಮನೆಯ ಖರ್ಚಿಗೆ ಶೇಕಡಾ 10, ಬೇಸಾಯದ ಸಲಕರಣೆಗಳ ನಿರ್ವಹಣೆಗೆ ಶೇಕಡಾ 20 ಸೇರಿಸುತ್ತಾರೆ. ಮಿತಿ ವರ್ಷಕ್ಕೆ ಶೇಕಡಾ 10ರಂತೆ ಏರುತ್ತ ಐದು ವರ್ಷ ನಡೆಯುತ್ತದೆ. ಮೊದಲ ವರ್ಷ 1,00,000 ರೂಪಾಯಿ ಇದ್ದ ಮಿತಿ ಐದನೆಯ ವರ್ಷ 1,46,410 ರೂಪಾಯಿ ಆಗುತ್ತದೆ. ಎಷ್ಟು ಬಾರಿ ತೆಗೆಯಬಹುದು, ಎಷ್ಟು ಬಾರಿ ಕಟ್ಟಬಹುದು ಎಂಬುದಕ್ಕೆ ಕಟ್ಟುಪಾಡಿಲ್ಲ. ಮನೆಖರ್ಚನ್ನು ಬೇಸಾಯದ ಖರ್ಚಿನ ಜೊತೆಗೇ ಒಪ್ಪಿಕೊಂಡದ್ದು, ಹಬ್ಬದ ಬಟ್ಟೆಯನ್ನೂ ಬಿತ್ತನೆಯ ಕಾಳನ್ನೂ ಒಂದೇ ಖಾತೆಗೆ ಬರೆಯುತ್ತಿದ್ದ ಕಡತದ ತಿಳಿವಳಿಕೆಯನ್ನು ಬ್ಯಾಂಕು ತಡವಾಗಿಯಾದರೂ ಕಲಿತದ್ದರ ಗುರುತು.

ನಿಯಮದಲ್ಲಿರುವ ಈ ಸುತ್ತು ಬಳಕೆಯಲ್ಲಿ ಮಾತ್ರ ಬಹುಪಾಲು ವರ್ಷಕ್ಕೊಂದು ಸಲಕ್ಕೆ ಇಳಿದಿದೆ. ಶೇಕಡಾ 7ರ ಬಡ್ಡಿಯಲ್ಲಿ 60,000 ರೂಪಾಯಿಯನ್ನು ನಾಲ್ಕು ತಿಂಗಳು ಮೊದಲೇ ಕಟ್ಟಿದರೆ ಉಳಿಯುವುದು 1,400 ರೂಪಾಯಿ. ಗಡುವು ಮೀರದೆ ತೀರಿಸಿದವರಿಗೆ ಬಡ್ಡಿ ಶೇಕಡಾ 4ಕ್ಕೆ ಇಳಿಯುವುದರಿಂದ ಆ ಉಳಿತಾಯ 800ಕ್ಕೆ ಬರುತ್ತದೆ. ಸಹಕಾರ ಸಂಘಗಳ ಮೂಲಕ ರಾಜ್ಯ ಸರ್ಕಾರ ಕೊಡುವ ಶೂನ್ಯ ಬಡ್ಡಿಯ ಸಾಲದಲ್ಲಿ ಮೊದಲೇ ಕಟ್ಟಿದ್ದಕ್ಕೆ ಲಾಭ ಏನೂ ಇಲ್ಲ. ಬಡ್ಡಿಯ ಹೊರೆ ಇಳಿಸಿದ ಉಪಕಾರ ದೊಡ್ಡದು. ಆದರೆ ಅದೇ ಉಪಕಾರ, ಮಿತಿಯಷ್ಟನ್ನೂ ಮೊದಲ ದಿನವೇ ತೆಗೆದು ಕೊನೆಯ ದಿನದವರೆಗೆ ಇಟ್ಟುಕೊಳ್ಳುವುದೇ ಜಾಣತನವೆಂದು ರೈತನಿಗೆ ಕಲಿಸಿತು. ಕಟ್ಟಿದ ಹಣ ಮತ್ತೆ ದೊರೆಯುವುದೋ ಇಲ್ಲವೋ ಎಂಬ ಅಂಜಿಕೆಯೂ ಇದಕ್ಕೆ ಕೂಡಿಕೊಂಡಿದೆ. ವರ್ಷದ ಗಡುವು ಬಂದಾಗ ಕೆಲವು ದಿನಗಳ ಮಟ್ಟಿಗೆ ಹೊರಗಿನಿಂದ ದುಬಾರಿ ಕೈಸಾಲ ತಂದು ಖಾತೆ ತೀರಿಸಿ, ಮತ್ತೆ ಅಷ್ಟನ್ನೇ ಎತ್ತಿ ಕೈಸಾಲ ಹಿಂದಿರುಗಿಸುವ ಪರಿಪಾಠ ಎಲ್ಲೆಡೆ ತಿಳಿದದ್ದೇ. ಬ್ಯಾಂಕಿನ ಪುಸ್ತಕದಲ್ಲಿ ಸಾಲ ತಿರುಗಿದಂತೆ ಕಾಣುವ ಆ ದಿನಗಳಲ್ಲಿ ರೈತ ನಿಂತಿರುವುದು ಹಳೆಯ ಸಾಹುಕಾರನ ಬಾಗಿಲಲ್ಲೇ.

ಭೂಮಿಯಿಲ್ಲದವರಿಗೆ ಕಾರ್ಡಿನ ಪ್ರಯೋಜನ ದೊರೆತದ್ದು ಇನ್ನೂ ಕಡಿಮೆ. ಪಶುಪಾಲನೆಗೂ ಮೀನುಗಾರಿಕೆಗೂ ಅದನ್ನು ವಿಸ್ತರಿಸಿದ್ದೇ 2018-19ರಲ್ಲಿ. ಭೂಮಿಯಿಲ್ಲದ ಮನೆಗಳ ಹೆಂಗಸರಿಗೆ ನಿಜವಾಗಿ ತಿರುಗಿದ್ದು ಸ್ವಸಹಾಯ ಸಂಘಗಳ ಸುತ್ತುನಿಧಿ, ಅಂದರೆ ಸದಸ್ಯೆಯರ ಉಳಿತಾಯವೂ ಹೊರಗಿನ ನೆರವೂ ಕೂಡಿ, ಒಬ್ಬಳು ಕಟ್ಟಿದ್ದು ಇನ್ನೊಬ್ಬಳಿಗೆ ಸಾಲವಾಗುವ ನಿಧಿ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕಡೆ ಇಂಥ ಗುಂಪುಗಳನ್ನು ಕಟ್ಟಿತ್ತು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. ಈ ನಿಧಿ ಸಾಲದಾದಾಗ ವಾರದ ಕಂತಿನ ಮೈಕ್ರೋಫೈನಾನ್ಸ್ ಬಂದಿತು. ಒಂದು ಕಂಪನಿಯ ಕಂತಿಗೆ ಇನ್ನೊಂದರಿಂದ ಸಾಲ ಎತ್ತುವ ಮನೆಗಳು ಹೆಚ್ಚಿ, ವಸೂಲಿಯ ಕಿರುಕುಳ ರಾಜ್ಯದ ದೊಡ್ಡ ಸುದ್ದಿಯಾದಾಗ, 2025ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು.

ಈ ನಡುವೆ ಜಿಲ್ಲೆಯ ರೈತ ಬ್ಯಾಂಕು ಬದಲಿಸದಿದ್ದರೂ ಬ್ಯಾಂಕುಗಳೇ ಬದಲಾದವು. ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಕಾವೇರಿ ಗ್ರಾಮೀಣ ಬ್ಯಾಂಕ್ ಹಲವು ವಿಲೀನಗಳನ್ನು ದಾಟಿ 2019ರಲ್ಲಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಲಗೆಯ ಹೆಸರು ಹೀಗೆ ಬದಲಾಗುತ್ತ ಬಂದ ಶಾಖೆಗಳಲ್ಲಿ, ವರ್ಷಕ್ಕೆ ಐದಾರು ಬಾರಿ ಗೂಡು ಮಾರುವವನ ಖಾತೆಯೂ ಒಂದೇ ಬಾರಿ ಕಬ್ಬು ಕಡಿಯುವವನ ಖಾತೆಯೂ ಇನ್ನೂ ಬಹುಪಾಲು ವರ್ಷಕ್ಕೊಮ್ಮೆಯೇ ತಿರುಗುತ್ತಿವೆ.