ನೆಲದ ಮೇಲೆಯೇ 25,000 ಅಡಿ: ವೈಮಾನಿಕರಿಗೆ ಉಸಿರಿನ ಪಾಠ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಭಾರತೀಯ ವಾಯುಪಡೆಗೆ ಸೇರಿದ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಸ್ಕೂಲ್ ಆಫ್ ಏವಿಯೇಷನ್ ಮೆಡಿಸಿನ್ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆಯಿದು. ರಾಕೇಶ್ ಶರ್ಮಾ ಅವರ ಬಾಹ್ಯಾಕಾಶ ಯಾನಕ್ಕೂ ಇತ್ತೀಚಿನ ಗಗನಯಾನ ಯೋಜನೆಗೂ ವಾಯುಪಡೆಯ ವೈಮಾನಿಕರನ್ನು ಪರೀಕ್ಷಿಸಿ ಆರಿಸಿದ್ದು ಇಲ್ಲಿಯೇ. ಸಂಸ್ಥೆಯ ಸಲಕರಣೆಗಳ ಪೈಕಿ ಹೊರನೋಟಕ್ಕೆ ಅಷ್ಟೇನೂ ಆಕರ್ಷಕವಲ್ಲದ ಒಂದು ಉಕ್ಕಿನ ಕೊಠಡಿಯಿದೆ. ಇದರ ಬಾಗಿಲು ಮುಚ್ಚಿ ಪಂಪಿನ ಮೂಲಕ ಒಳಗಿನ ಗಾಳಿಯನ್ನು ಹೊರಗೆಳೆದರೆ, ಒಳಗೆ ಕುಳಿತವರು ನೆಲದಿಂದ ಒಂದಂಗುಲವೂ ಮೇಲೇಳದೆ ಆಕಾಶಕ್ಕೇರುತ್ತಾರೆ. ಆಲ್ಟಿಟ್ಯೂಡ್ ಚೇಂಬರ್ ಎಂದು ಕರೆಯಲಾಗುವ ಇಂತಹ ಕೊಠಡಿಗಳು ಜಗತ್ತಿನ ಪ್ರಮುಖ ವಾಯುಪಡೆಗಳೆಲ್ಲವುಗಳ ಬಳಿಯೂ ಇವೆ.

ಈ ತರಬೇತಿಯ ಬಗ್ಗೆ ಸಾಮಾನ್ಯವಾದ ಒಂದು ತಪ್ಪು ತಿಳಿವಳಿಕೆಯಿದೆ. ಕಡಿಮೆ ಗಾಳಿಯಲ್ಲಿ ಬದುಕುವುದನ್ನು ದೇಹಕ್ಕೆ ರೂಢಿ ಮಾಡಿಸಲು ಇದನ್ನು ನೀಡಲಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಪರ್ವತಾರೋಹಿಗಳು ವಾರಗಟ್ಟಲೆ ಕಾದು ಪಡೆಯುವ ಆ ರೂಢಿ ಅರ್ಧ ಗಂಟೆಯಲ್ಲಿ ಯಾರಿಗೂ ದಕ್ಕದು. ತರಬೇತಿಯ ಗುರಿ ಬೇರೆಯೇ. ಆಮ್ಲಜನಕ ಕಡಿಮೆಯಾದಾಗ ತನ್ನ ದೇಹ ಯಾವ ಸೂಚನೆ ಕೊಡುತ್ತದೆ ಎಂಬುದನ್ನು ವೈಮಾನಿಕನೇ ಒಮ್ಮೆ ಅನುಭವಿಸಿ ಗುರುತಿಟ್ಟುಕೊಳ್ಳಬೇಕು, ಅಷ್ಟೆ.

ಗಾಳಿ ಇದೆ, ಒತ್ತಡವಿಲ್ಲ

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕುಗ್ಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಸಮುದ್ರ ಮಟ್ಟದಲ್ಲಿರಲಿ, 35,000 ಅಡಿ ಎತ್ತರದಲ್ಲಿರಲಿ, ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟೇ ಇರುತ್ತದೆ. ಕುಸಿಯುವುದು ವಾಯುಭಾರ. ಸಮುದ್ರ ಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ 18,000 ಅಡಿಯಲ್ಲಿ ಅರ್ಧಕ್ಕಿಳಿಯುತ್ತದೆ. 35,000 ಅಡಿಯಲ್ಲಿ ಕಾಲು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ದೂಡುವುದು ಈ ಒತ್ತಡವೇ. ದೂಡುವ ಬಲ ಸಾಲದೆ ದೇಹದ ಅಂಗಾಂಶಗಳು, ಎಲ್ಲಕ್ಕಿಂತ ಮೊದಲು ಮಿದುಳು, ಆಮ್ಲಜನಕದ ಕೊರತೆ ಅನುಭವಿಸುವ ಸ್ಥಿತಿಯೇ ಹೈಪಾಕ್ಸಿಯಾ.

ಪ್ರಯಾಣಿಕ ವಿಮಾನಗಳಲ್ಲಿ ಕ್ಯಾಬಿನ್ ಒಳಗೆ ಗಾಳಿಯನ್ನು ಒತ್ತಿ ತುಂಬಿ 8,000 ಅಡಿಗಿಂತ ಹೆಚ್ಚಿನ ಎತ್ತರದ ಅನುಭವವಾಗದಂತೆ ನೋಡಿಕೊಳ್ಳಲಾಗುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,330 ಅಡಿ. ಆ ಶಿಖರದ ಮೇಲೆ, ಇಲ್ಲವೇ ಅದಕ್ಕಿಂತ ತುಸು ಮೇಲೆ ಕುಳಿತಷ್ಟೇ ಗಾಳಿ ಪ್ರಯಾಣಿಕರಿಗೆ ಸಿಗುತ್ತದೆ. ಆ ಒತ್ತಡ ಸೋರಿಹೋದರೆ ಮಾತ್ರ ಸಮಸ್ಯೆ.

ಆಗ ಉಳಿಯುವ ಕಾಲವನ್ನು ವೈಮಾನಿಕ ವೈದ್ಯರು ‘ಉಪಯುಕ್ತ ಪ್ರಜ್ಞೆಯ ಅವಧಿ’ ಎನ್ನುತ್ತಾರೆ. 18,000 ಅಡಿಯಲ್ಲಿ ಇದು 20ರಿಂದ 30 ನಿಮಿಷ. 25,000 ಅಡಿಯಲ್ಲಿ 3ರಿಂದ 5 ನಿಮಿಷ. 35,000 ಅಡಿಯಲ್ಲಿ ಕೇವಲ 30ರಿಂದ 60 ಸೆಕೆಂಡು. ಒತ್ತಡ ಹಠಾತ್ತನೆ ಕುಸಿದರೆ ಈ ಅವಧಿ ಇನ್ನೂ ಅರ್ಧಕ್ಕಿಳಿಯಬಹುದು. ಇದು ಮೂರ್ಛೆ ಹೋಗುವವರೆಗಿನ ಕಾಲವಲ್ಲ ಎಂಬುದನ್ನು ಗಮನಿಸಬೇಕು. ಮಾಸ್ಕ್ ಹಾಕಿಕೊಳ್ಳುವಂತಹ ಸರಳ ಕೆಲಸವನ್ನು ಸರಿಯಾಗಿ ಮಾಡುವ ಬುದ್ಧಿ ಉಳಿದಿರುವ ಕಾಲವಿದು. ಅದು ಮುಗಿದ ಮೇಲೂ ಮನುಷ್ಯ ಕಣ್ಣು ತೆರೆದು ಕುಳಿತಿರಬಹುದು, ಮಾತನ್ನೂ ಆಡುತ್ತಿರಬಹುದು. ಉಸಿರು ಬಿಗಿಹಿಡಿದರಾಯಿತು ಎನ್ನುವಂತೆಯೂ ಇಲ್ಲ. ಅಷ್ಟು ಎತ್ತರದಲ್ಲಿ ಶ್ವಾಸಕೋಶದೊಳಗಿನ ಒತ್ತಡ ರಕ್ತದಲ್ಲಿರುವುದಕ್ಕಿಂತ ಕಡಿಮೆಯಾಗಿ, ಆಮ್ಲಜನಕ ರಕ್ತದಿಂದ ಹೊರಕ್ಕೇ ಹರಿಯತೊಡಗುತ್ತದೆ.

ಹೀಲಿಯೋಸ್ ದುರಂತ

ಈ ಮಾತಿಗೆ ಅತ್ಯಂತ ದಾರುಣ ನಿದರ್ಶನ 2005ರ ಆಗಸ್ಟ್ 14ರಂದು ಗ್ರೀಸ್‌ನಲ್ಲಿ ಸಂಭವಿಸಿತು. ಸೈಪ್ರಸ್‌ನ ಲಾರ್ನಾಕಾದಿಂದ ಅಥೆನ್ಸ್ ಮಾರ್ಗವಾಗಿ ಪ್ರಾಗ್‌ಗೆ ಹೊರಟಿದ್ದ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737 ವಿಮಾನದಲ್ಲಿ 115 ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಇದ್ದರು. ಹಿಂದಿನ ರಾತ್ರಿ ದುರಸ್ತಿ ವೇಳೆ ಒತ್ತಡ ನಿಯಂತ್ರಣದ ಸ್ವಿಚ್ಚನ್ನು ‘ಮ್ಯಾನುಯಲ್’ಗೆ ತಿರುಗಿಸಲಾಗಿತ್ತು. ಅದು ಹಾಗೆಯೇ ಉಳಿಯಿತು. ಹಾರಾಟಕ್ಕೆ ಮುನ್ನ ಮತ್ತು ನಂತರ ನಡೆಯಬೇಕಾದ ತಪಾಸಣೆಗಳಲ್ಲಿಯೂ ಯಾರ ಕಣ್ಣಿಗೂ ಬೀಳಲಿಲ್ಲ.

ಸುಮಾರು 12,000 ಅಡಿಯಲ್ಲಿ ಎಚ್ಚರಿಕೆಯ ಸದ್ದು ಮೊಳಗಿತು. ನೆಲದ ಮೇಲಿದ್ದಾಗ ಅದೇ ಸದ್ದಿಗೆ ಬೇರೊಂದು ಅರ್ಥವಿದೆ: ವಿಮಾನ ಮೇಲೇರಲು ಸಜ್ಜಾಗಿಲ್ಲ ಎಂದು. ಪೈಲಟ್‌ಗಳು ಅದನ್ನೇ ಗ್ರಹಿಸಿದರು. ವಿಮಾನ ಏರುತ್ತಲೇ ಹೋಯಿತು. ಕ್ಯಾಪ್ಟನ್ ನೆಲದ ಸಿಬ್ಬಂದಿಯೊಂದಿಗೆ ನಡೆಸಿದ ಸಂಭಾಷಣೆ ಉಪಕರಣ ತಂಪುಗೊಳಿಸುವ ವ್ಯವಸ್ಥೆಯ ಸುತ್ತಲೇ ಸುತ್ತಿತೇ ಹೊರತು ಉಸಿರಿನ ಪ್ರಸ್ತಾಪಕ್ಕೆ ಬರಲಿಲ್ಲ. 29,000 ಅಡಿ ತಲುಪುವ ಹೊತ್ತಿಗೆ ಮಾತು ನಿಂತಿತು. ಆಟೋಪೈಲಟ್ ವಿಮಾನವನ್ನು 34,000 ಅಡಿಗೆ ಒಯ್ದು ಅಥೆನ್ಸ್ ಬಳಿ ಸುತ್ತು ಹಾಕಿಸಿತು. ಬೆನ್ನಟ್ಟಿ ಬಂದ ಗ್ರೀಕ್ ವಾಯುಪಡೆಯ ಎಫ್-16 ಪೈಲಟ್‌ಗಳಿಗೆ ಕಾಕ್‌ಪಿಟ್‌ನಲ್ಲಿ ಕುಸಿದು ಬಿದ್ದಿದ್ದ ಸಹ ಪೈಲಟ್ ಕಾಣಿಸಿದರು. ಇಂಧನ ಮುಗಿದು ವಿಮಾನ ಗ್ರಾಮಟಿಕೋ ಬಳಿಯ ಬೆಟ್ಟಕ್ಕೆ ಅಪ್ಪಳಿಸಿತು. ಒಬ್ಬರೂ ಉಳಿಯಲಿಲ್ಲ.

ಆ ಕಾಕ್‌ಪಿಟ್‌ನಲ್ಲಿ ಆಮ್ಲಜನಕದ ಮಾಸ್ಕ್‌ಗಳು ಕೈಗೆಟುಕುವಷ್ಟು ಹತ್ತಿರದಲ್ಲಿದ್ದವು. ಇಬ್ಬರೂ ಪೈಲಟ್‌ಗಳು ಹೈಪಾಕ್ಸಿಯಾ ಬಗ್ಗೆ ಓದಿಕೊಂಡವರೇ. ಆದರೆ ಓದಿದ್ದನ್ನು ನೆನಪಿಸಿಕೊಳ್ಳಬೇಕಾದ ಮಿದುಳೇ ಮೊದಲು ಕೈಕೊಡುತ್ತದೆ. ಕಳ್ಳ ಬಂದಾಗ ಕಾವಲುಗಾರನೇ ನಿದ್ದೆ ಹೋದ ಹಾಗೆ.

ನೂರರಿಂದ ಏಳು ಕಳೆಯುತ್ತ

ತರಬೇತಿಯ ಕ್ರಮ ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾದರೂ ಸ್ವರೂಪ ಹೆಚ್ಚುಕಡಿಮೆ ಒಂದೇ. ನೆಗಡಿ, ಸೈನಸ್ ತೊಂದರೆ ಇದ್ದವರನ್ನು ಒಳಗೆ ಬಿಡುವುದಿಲ್ಲ. ಮೊದಲು ಸುಮಾರು 5,000 ಅಡಿಯವರೆಗೆ ಏರಿಸಿ ಇಳಿಸಿ, ಕಿವಿ ಸರಿಯಾಗಿ ‘ತೆರೆಯುತ್ತದೆಯೇ’ ಎಂದು ನೋಡಲಾಗುತ್ತದೆ. ಸುಮಾರು ಅರ್ಧ ಗಂಟೆ ಶುದ್ಧ ಆಮ್ಲಜನಕ ಉಸಿರಾಡಿಸಿ ರಕ್ತದಲ್ಲಿ ಕರಗಿರುವ ಸಾರಜನಕವನ್ನು ಹೊರಹಾಕಿಸುವುದೂ ಪೂರ್ವಸಿದ್ಧತೆಯ ಭಾಗ. ಇಲ್ಲವಾದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳೆದ್ದು ಕೀಲುನೋವು, ಕೆಲವೊಮ್ಮೆ ಪ್ರಾಣಾಪಾಯವೂ ಉಂಟಾಗಬಹುದು. ಹೊಟ್ಟೆಯೊಳಗಿನ ವಾಯು 18,000 ಅಡಿಯಲ್ಲಿ ಇಮ್ಮಡಿ ಹಿಗ್ಗುತ್ತದೆ. ಹಿಂದಿನ ರಾತ್ರಿ ಅವರೆಕಾಳಿನ ಹುಳಿ ಉಂಡು ಬರುವುದು ಜಾಣತನವಲ್ಲ. ಬಂದರೆ ಸಂಕೋಚ ಬಿಡಬೇಕಾಗುತ್ತದೆ.

25,000 ಅಡಿಯ ಒತ್ತಡ ತಲುಪಿದ ಮೇಲೆ ಅರ್ಧದಷ್ಟು ಮಂದಿ ಮಾಸ್ಕ್ ತೆಗೆಯುತ್ತಾರೆ. ಉಳಿದರ್ಧ ಮಂದಿ ಮಾಸ್ಕ್ ಧರಿಸಿ ಜೊತೆಗಾರರನ್ನು ಗಮನಿಸುತ್ತಾರೆ. ಕೈಯಲ್ಲಿ ಹಲಗೆ, ಕಾಗದ, ಪೆನ್ಸಿಲ್. ನೂರರಿಂದ ಏಳನ್ನು ಕಳೆಯುತ್ತ ಹೋಗಿ, ನಿಮ್ಮ ಹೆಸರು ಬರೆಯಿರಿ, ಈ ಆಕೃತಿಗಳನ್ನು ಹೊಂದಿಸಿ ಎಂಬಂತಹ, ಶಾಲಾ ಮಕ್ಕಳಿಗೆ ಕೊಡುವ ಲೆಕ್ಕಗಳು. ಮೊದಲ ನಿಮಿಷ ಎಲ್ಲವೂ ಸುಗಮ. ಬಳಿಕ ಒಬ್ಬರ ಬೆರಳ ತುದಿ ಜುಮ್ಮೆನ್ನುತ್ತದೆ, ಮತ್ತೊಬ್ಬರಿಗೆ ಮೈ ಬಿಸಿಯೇರಿದಂತೆ ಭಾಸವಾಗುತ್ತದೆ, ಇನ್ನೊಬ್ಬರ ದೃಷ್ಟಿ ಅಂಚಿನಿಂದ ಮಬ್ಬಾಗುತ್ತದೆ. ಉಗುರು ನೀಲಿಗಟ್ಟುತ್ತದೆ. ಕೆಲವರಿಗೆ ಕಾರಣವಿಲ್ಲದ ನಗು, ಕೆಲವರಿಗೆ ಸಿಡುಕು. ಉತ್ತರ ತಪ್ಪಾಗುತ್ತದೆ, ಅಕ್ಷರ ಗೀಚಾಗುತ್ತದೆ. ಬರೆಯುವವರಿಗೆ ಮಾತ್ರ ತಮ್ಮ ಕೆಲಸ ಅಚ್ಚುಕಟ್ಟಾಗಿಯೇ ಕಾಣುತ್ತಿರುತ್ತದೆ. ಮಾಸ್ಕ್ ಹಾಕಿಕೊಳ್ಳಿ ಎಂಬ ಆದೇಶ ಕೇಳಿಯೂ ನಸುನಗುತ್ತ ಕುಳಿತುಬಿಡುವವರಿದ್ದಾರೆ. ಅವರಿಗೆ ಒಳಗಿರುವ ಸಿಬ್ಬಂದಿಯೇ ಮಾಸ್ಕ್ ತೊಡಿಸಬೇಕಾಗುತ್ತದೆ. ಆಮ್ಲಜನಕ ಸಿಕ್ಕ ಬಳಿಕ ಚೇತರಿಕೆಗೆ ಸೆಕೆಂಡುಗಳು ಸಾಕು. ಅಪರೂಪಕ್ಕೆ ಕೆಲವರಲ್ಲಿ ಆ ಮೊದಲ ಕ್ಷಣದಲ್ಲಿ ಲಕ್ಷಣ ಉಲ್ಬಣಿಸುವುದೂ ಉಂಟು.

ಈ ಲಕ್ಷಣಗಳು ಎಲ್ಲರಲ್ಲಿ ಒಂದೇ ಅಲ್ಲ. ಆದರೆ ಒಬ್ಬನೇ ವ್ಯಕ್ತಿಯಲ್ಲಿ ಅವು ಸಾಮಾನ್ಯವಾಗಿ ಅದೇ ರೀತಿಯಲ್ಲಿ ಮರುಕಳಿಸುತ್ತವೆ. ಬೆರಳು ಜುಮ್ಮೆಂದರೆ ಮಾಸ್ಕ್ ಎಂದು ಒಬ್ಬ ವೈಮಾನಿಕ ಕಲಿತುಕೊಂಡರೆ ಆತನ ಮಟ್ಟಿಗೆ ತರಬೇತಿ ಸಾರ್ಥಕ. ವಯಸ್ಸು, ದಣಿವು, ಧೂಮಪಾನಗಳಿಂದ ಲಕ್ಷಣ ಬದಲಾಗಬಹುದಾದ್ದರಿಂದ ಸೇನಾ ವೈಮಾನಿಕರಿಗೆ ಕೆಲವು ವರ್ಷಗಳಿಗೊಮ್ಮೆ ಪುನರಾವರ್ತನೆ ಇರುತ್ತದೆ.

ಬಲೂನಿನ ಕಾಲದಿಂದ

ಈ ಕೊಠಡಿಯ ಕಲ್ಪನೆ ವಿಮಾನಕ್ಕಿಂತ ಹಳೆಯದು. ಫ್ರಾನ್ಸ್‌ನ ಶರೀರಶಾಸ್ತ್ರಜ್ಞ ಪಾಲ್ ಬೇರ್ 1870ರ ದಶಕದಲ್ಲಿಯೇ ಲೋಹದ ಕೊಠಡಿ ಕಟ್ಟಿಸಿ, ಸ್ವತಃ ಒಳಗೆ ಕುಳಿತು ಪ್ರಯೋಗ ಮಾಡಿದ್ದರು. ಬಲೂನ್ ಯಾನಿಗಳಾದ ಕ್ರೋಸೆ-ಸ್ಪಿನೆಲಿ ಮತ್ತು ಸಿವೆಲ್ 1874ರಲ್ಲಿ ಅಲ್ಲಿ ಅಭ್ಯಾಸ ಮಾಡಿದರು. ಮರುವರ್ಷ ಏಪ್ರಿಲ್ 15ರಂದು ಟಿಸಾಂದಿಯೇ ಅವರೊಡನೆ ‘ಝೆನಿತ್’ ಬಲೂನಿನಲ್ಲಿ 8,000 ಮೀಟರಿಗೂ ಮೇಲೇರಿದ ಇಬ್ಬರೂ ಹೆಣವಾಗಿ ಇಳಿದರು. ಆಮ್ಲಜನಕದ ಚೀಲಗಳು ಅವರ ಬಳಿಯೇ ಇದ್ದವು. ಬದುಕುಳಿದ ಟಿಸಾಂದಿಯೇ, ಆ ಹೊತ್ತಿನಲ್ಲಿ ಭಯವಾಗಲಿ ನೋವಾಗಲಿ ಇರಲಿಲ್ಲ, ಒಂದು ಬಗೆಯ ಆನಂದವೇ ಆವರಿಸಿತ್ತು ಎಂಬರ್ಥದಲ್ಲಿ ಬರೆದಿಟ್ಟಿದ್ದಾರೆ.

ನಾಗರಿಕ ಪೈಲಟ್‌ಗಳ ಪ್ರಶ್ನೆ

ಸೇನಾ ವೈಮಾನಿಕರಿಗೆ ಕಡ್ಡಾಯವಾಗಿರುವ ಈ ಅನುಭವ ನಾಗರಿಕ ಪೈಲಟ್‌ಗಳಿಗೆ ಹಾಗಿಲ್ಲ. ಅಮೆರಿಕದಲ್ಲಿ ಒತ್ತಡಯುಕ್ತ ವಿಮಾನ ಹಾರಿಸುವವರು ಹೈಪಾಕ್ಸಿಯಾ ಬಗ್ಗೆ ಪಾಠ ಕೇಳಲೇಬೇಕು. ಕೊಠಡಿಗೆ ಹೋಗುವುದು ಅವರವರ ಇಚ್ಛೆ. ಹೀಲಿಯೋಸ್ ದುರಂತದ ನಂತರ ಹೆಚ್ಚು ಒತ್ತು ಸಿಕ್ಕಿದ್ದು ಸಲಕರಣೆಗೆ. 737 ವಿಮಾನಗಳ ಕಾಕ್‌ಪಿಟ್‌ನಲ್ಲಿ ಒತ್ತಡ ಕುಸಿತಕ್ಕೆಂದೇ ಪ್ರತ್ಯೇಕ ಎಚ್ಚರಿಕೆ ದೀಪಗಳು ಬಂದವು. ದೀಪ ಬೇಕಾದದ್ದೇ, ಆದರೆ ಅದನ್ನು ನೋಡಿ ಅರ್ಥೈಸಬೇಕಾದವನೂ ಅದೇ ಗಾಳಿಯನ್ನೇ ಉಸಿರಾಡುತ್ತಿರುತ್ತಾನೆ. 2018ರ ಸೆಪ್ಟೆಂಬರ್ 20ರಂದು ಮುಂಬೈಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಒತ್ತಡದ ಗಾಳಿ ಒದಗಿಸುವ ಸ್ವಿಚ್ ಹಾಕುವುದು ಮರೆತುಹೋಗಿತ್ತು. ಸುಮಾರು 30 ಪ್ರಯಾಣಿಕರ ಮೂಗು, ಕಿವಿಗಳಲ್ಲಿ ರಕ್ತ ಒಸರಿತು. ವಿಮಾನ ಮುಂಬೈಗೆ ಮರಳಿ ಸುರಕ್ಷಿತವಾಗಿ ಇಳಿಯಿತು.

ಕೊಠಡಿ ದುಬಾರಿ, ಗುಳ್ಳೆಗಳ ಅಪಾಯ ಬೇರೆ ಎನ್ನುವವರಿಗೆ ಈಗ ಇನ್ನೊಂದು ಮಾರ್ಗವಿದೆ. ನೆಲದ ಒತ್ತಡದಲ್ಲಿಯೇ ಸಾರಜನಕ ಹೆಚ್ಚಿಸಿ ಆಮ್ಲಜನಕ ತಗ್ಗಿಸಿದ ಗಾಳಿಯನ್ನು ಮಾಸ್ಕ್ ಮೂಲಕ ಕೊಡುವ ಯಂತ್ರಗಳು ಬಳಕೆಗೆ ಬಂದಿವೆ. ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸುತ್ತಲೇ ಲಕ್ಷಣ ಗುರುತಿಸಬಹುದು ಎಂಬುದು ಇದರ ದೊಡ್ಡ ಅನುಕೂಲ. ಕಿವಿಯ ನೋವು, ಹೊಟ್ಟೆಯುಬ್ಬರ, ಒತ್ತಡ ಹಠಾತ್ತನೆ ಕುಸಿದಾಗಿನ ಸ್ಫೋಟದಂತಹ ಸದ್ದು, ಕ್ಷಣದಲ್ಲಿ ಕವಿಯುವ ಮಂಜು, ಇವಾವುವೂ ಅದರಲ್ಲಿ ಸಿಗುವುದಿಲ್ಲ.

ಕೊಠಡಿಯಿಂದ ಹೊರಬಂದವರು ಆ ದಿನ ವಿಮಾನ ಹಾರಿಸುವಂತಿಲ್ಲ. ರಾತ್ರಿ ಮೊಣಕಾಲಿನಲ್ಲೋ ಭುಜದಲ್ಲೋ ನೋವು ಕಾಣಿಸಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮನೆಗೆ ಹೊರಡುವ ಮುನ್ನ, ಮೇಲಿದ್ದಾಗ ಅವರೇ ಬರೆದ ಕಾಗದವನ್ನು ಅವರ ಕೈಗೆ ಕೊಡಲಾಗುತ್ತದೆ.