ಹಾನಗಲ್ಲ ಸೀಮೆಯ ಗೃಹಸ್ಥ ಭಕ್ತನು: ಕಾಯಕ, ಹೋರಿಯಾಟ, ಶಿವನಿಷ್ಠೆ

ಮಠದ ಉತ್ಸವಕಾಲದಲ್ಲಿ ಗುರುಪರಂಪರೆಯನ್ನು ಸ್ಮರಿಸುವುದು ಶಿಷ್ಯವರ್ಗಕ್ಕೆ ಸಹಜಧರ್ಮವಾಗಿದೆ. ಆ ಪರಂಪರೆಗೆ ಅನ್ನವನ್ನಿತ್ತು, ಮಕ್ಕಳನ್ನಿತ್ತು, ದಾಸೋಹದ ಒಲೆಯು ಆರದಂತೆ ಕಾಯ್ದ ಗೃಹಸ್ಥ ಭಕ್ತನನ್ನು ನೆನೆಯುವುದೂ ಅಷ್ಟೇ ಕರ್ತವ್ಯವು. ಆತನ ಹೆಸರು ಶಾಸನಗಳಲ್ಲಿ ದೊರೆಯುವುದು ವಿರಳ. ಆದರೂ ಆತನ ಬಾಳುವೆಯ ರೀತಿಯನ್ನು ನೆಲದಿಂದಲೂ ಹಬ್ಬಗಳಿಂದಲೂ ನಡೆನುಡಿಗಳಿಂದಲೂ ಅರಿಯಲು ಬರುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳ ಈ ಸೀಮೆಯಲ್ಲಿ ಮಲೆನಾಡಿನ ಸೆರಗೂ ಬಯಲುನಾಡಿನ ಅಂಚೂ ಒಂದುಗೂಡಿವೆ. ವರದಾ, ಧರ್ಮಾ, ಕುಮುದ್ವತಿ ಎಂಬ ಹೊಳೆಗಳು ಇಲ್ಲಿಯ ನೆಲವನ್ನು ತಣಿಸುತ್ತವೆ. ಒಂದು ಕಡೆ ಕೆರೆಯ ಕೆಳಗಣ ಬತ್ತದ ಗದ್ದೆಗಳು, ಮತ್ತೊಂದು ಕಡೆ ಜೋಳ ಹತ್ತಿಗಳ ಹೊಲಗಳು. ಸವಣೂರಿನಲ್ಲಿ ಹೆಸರಾಂತ ವೀಳ್ಯದೆಲೆಯ ತೋಟಗಳು. ಆಂಗ್ಲರ ಆಳಿಕೆಯಲ್ಲಿ ಶಿಗ್ಗಾಂವಿಯು ಬಂಕಾಪುರ ತಾಲೂಕಿನ, ಹಿರೇಕೆರೂರು ಕೋಡ ತಾಲೂಕಿನ ಕಚೇರಿಯ ಊರುಗಳಾಗಿದ್ದವು. ಸವಣೂರು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1997ರಲ್ಲಿ ಹಾವೇರಿ ಜಿಲ್ಲೆಯು ರೂಪುಗೊಂಡಾಗ ಈ ನಾಲ್ಕೂ ಅದರಲ್ಲಿ ಸೇರಿದವು. ದೊರೆಗಳು ಬದಲಾದರು, ಕಚೇರಿಗಳು ಬದಲಾದವು; ರಂಟೆಯ ಮೇಳಿಯನ್ನು ಹಿಡಿದ ಕೈ ಮಾತ್ರ ಬದಲಾಗಲಿಲ್ಲ.

ಪೂರ್ವಕಾಲದಲ್ಲಿ ಪಾನುಂಗಲ್ಲೆನಿಸಿದ ಹಾನಗಲ್ಲು ಕದಂಬರ ಒಂದು ಶಾಖೆಯವರ ರಾಜಧಾನಿಯಾಗಿದ್ದಿತು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಇದನ್ನು ಮುತ್ತಿದನು. ಇಂಥ ಕಾಳಗಗಳಲ್ಲಿ ಮಡಿದವರಿಗೂ, ತುರುಗಳನ್ನು ಕದ್ದೊಯ್ಯುವವರನ್ನು ಅಡ್ಡಗಟ್ಟಿ ಸತ್ತವರಿಗೂ ವೀರಗಲ್ಲುಗಳನ್ನು ನಿಲ್ಲಿಸುವುದು ಅಂದಿನ ವಾಡಿಕೆಯಾಗಿದ್ದಿತು. ಅಂಥ ಕಲ್ಲುಗಳ ಕೆಳಗಣ ಪಟ್ಟಿಕೆಯಲ್ಲಿ ಕಾಳಗವೂ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣವೂ, ಮೇಲೆ ಶಿವಸಾನ್ನಿಧ್ಯವೂ ಕಂಡರಿಸಲ್ಪಟ್ಟಿರುತ್ತವೆ. ತುರುವಿಗಾಗಿ ಒಂದು ದಿನ ಸತ್ತವನಿಗೆ ಕಲ್ಲು ನಿಂತಿತು. ಅದೇ ತುರುವನ್ನು ಆಯುಷ್ಯವಿಡೀ ಸಾಕಿ ಸಲಹಿದವನಿಗೆ ಯಾವ ಕಲ್ಲೂ ನಿಲ್ಲಲಿಲ್ಲ.

ಈ ಕೊರತೆಯನ್ನು ಹನ್ನೆರಡನೆಯ ಶತಮಾನದ ಶರಣರು ಬೇರೊಂದು ಬಗೆಯಲ್ಲಿ ನೀಗಿಸಿದರು. ಬಸವಣ್ಣನವರು ಸ್ವತಃ ಸಂಸಾರಿಗಳಾಗಿದ್ದು ದುಡಿಮೆಗೆ ಕಾಯಕವೆಂಬ ಹಿರಿಯ ಪದವಿಯನ್ನಿತ್ತರು. ಒಕ್ಕಲಿನ ಮುದ್ದಯ್ಯನು ಬೇಸಾಯದಲ್ಲಿ, ನುಲಿಯ ಚಂದಯ್ಯನು ಹಗ್ಗ ಹೊಸೆಯುವುದರಲ್ಲಿ ಶಿವನನ್ನು ಕಂಡರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಆತನ ಧರ್ಮಪತ್ನಿ ಲಕ್ಕಮ್ಮನು ಹೇಳಿದಳೆಂಬ ಕಥೆಯು ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ. ಸತಿಪತಿಗಳು ಕೂಡಿಯೇ ಭಕ್ತಿಯನ್ನು ಆಚರಿಸಬೇಕೆಂಬ ಮಾತು ಆ ಕಥೆಯಲ್ಲಿ ಅಡಗಿದೆ. ಹಿರೇಕೆರೂರ ತಾಲೂಕಿನ ಅಬಲೂರು ಏಕಾಂತದ ರಾಮಯ್ಯನ ನಿಷ್ಠೆಯಿಂದ ಪ್ರಖ್ಯಾತವಾದ ಕ್ಷೇತ್ರವು; ಆತನ ಚರಿತ್ರೆಯನ್ನು ಸಾರುವ ಶಾಸನವೂ ಶಿಲ್ಪಗಳೂ ಅಲ್ಲಿ ಇಂದಿಗೂ ಇವೆ. ಹೀಗೆ ಶಿವನಿಷ್ಠೆಯ ಮಾತು ಈ ಸೀಮೆಗೆ ಹೊರಗಿನಿಂದ ಬಂದುದಲ್ಲ.

ಈ ಸೀಮೆಯ ಗೃಹಸ್ಥನ ದಿನಚರಿಯಲ್ಲಿ ಆ ನಿಷ್ಠೆಯೇ ಹರಿದುಬಂದಿದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ದನಗಳಿಗೆ ಮೇವನ್ನಿಕ್ಕಿ, ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಪೂಜಿಸಿ, ಬಳಿಕ ಬುತ್ತಿಯೊಡನೆ ಹೊಲಕ್ಕೆ ನಡೆಯುವನು. ಸೋಮವಾರದ ದಿನ ಎತ್ತಿನ ಹೆಗಲಿಗೆ ನೊಗವನ್ನಿಡುವುದಿಲ್ಲ. ಅದು ಬಸವಣ್ಣನ ವಾರವು. ಕಾರಹುಣ್ಣಿಮೆಗೆ ಎತ್ತುಗಳಿಗೆ ಸಿಂಗಾರ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಬಸವನ ಪೂಜೆ, ಸೀಗೆಹುಣ್ಣಿಮೆಗೆ ಹೊಲದಲ್ಲಿ ಚರಗ. ಸುಗ್ಗಿಯಾದ ಮೇಲೆ ಕಣದಲ್ಲಿ ರಾಶಿಯ ಪೂಜೆಯಾಗಿ, ಮೊದಲು ಮಠದ ಪಾಲು, ಆಯಗಾರರ ಪಾಲು, ಬಡವರ ಪಾಲುಗಳನ್ನು ತೆಗೆದಿರಿಸಿ, ಉಳಿದುದನ್ನು ಹಗೇವಿಗೆ ತುಂಬುವುದು ಹಿರಿಯರ ಪದ್ಧತಿಯಾಗಿದ್ದಿತು. 1876ರಿಂದ 1878ರ ವರೆಗೆ ಧಾರವಾಡ ಜಿಲ್ಲೆಯನ್ನು ಬಾಧಿಸಿದ ಬರದಂಥ ಕಾಲದಲ್ಲಿ ಇಂಥ ಹಗೇವುಗಳ ಬೆಲೆಯು ತಿಳಿಯುತ್ತಿದ್ದಿತು.

ದುಡಿಮೆಗೆ ತಕ್ಕ ಆಟವೂ ಆತನಿಗೆ ಬೇಕಾಗಿದ್ದಿತು. ಗರಡಿಯ ಕುಸ್ತಿ, ಗುಂಡು ಎತ್ತುವುದು ಇವೆಲ್ಲ ಉಂಟಾದರೂ ಈ ಸೀಮೆಯ ಒಕ್ಕಲಿಗನ ಪ್ರಾಣಕ್ಕೆ ಸಮನಾದ ಆಟವೆಂದರೆ ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲಾಗುವ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರಗಳನ್ನು ಕಟ್ಟಿ, ಬೆನ್ನಿಗೆ ಝೂಲವನ್ನು ಹೊದಿಸಿ, ಕೋಡುಗಳನ್ನು ಸಿಂಗರಿಸಿ, ಜನರು ಕಿಕ್ಕಿರಿದ ಅಖಾಡದಲ್ಲಿ ಬಿಡುವರು. ಕೊಬ್ಬರಿಯನ್ನು ಹರಿದುಕೊಂಡವನು ಗೆದ್ದವನು. ಹರಿಯಗೊಡದೆ ಪಾರಾದರೆ ಹೋರಿಯದೇ ಗೆಲವು. ಇದಕ್ಕಾಗಿ ಹಳ್ಳಿಕಾರ, ಅಮೃತಮಹಲ ಮುಂತಾದ ತಳಿಯ ಹೋರಿಗಳನ್ನು ತಂದು, ಹುರುಳಿ ಹತ್ತಿಕಾಳುಗಳನ್ನಿಕ್ಕಿ, ಹೊಳೆ ಕೆರೆಗಳಲ್ಲಿ ಈಸಾಡಿಸಿ, ಮನೆಯ ಮಗನಂತೆ ಸಾಕುವರು. ಮನೆಯೊಡತಿಯು ಆರತಿಯನ್ನೆತ್ತಿಯೇ ಅದನ್ನು ಕಳುಹುವಳು. ಹೆಸರಾದ ಹೋರಿಯು ಸತ್ತಾಗ ಮೆರವಣಿಗೆ ಮಾಡಿ ಸಮಾಧಿಯನ್ನಿತ್ತ ಉದಾಹರಣೆಗಳೂ ಈ ಜಿಲ್ಲೆಯಲ್ಲಿ ಉಂಟು.

ಇಂಥ ಗೃಹಸ್ಥರ ಭಕ್ತಿಯು ಆಟ ಹಬ್ಬಗಳಲ್ಲಿಯೇ ಮುಗಿಯಲಿಲ್ಲ. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳು (1867-1930) 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ಅವರ ಜೋಳಿಗೆಗೆ ಕಾಳುಕಡಿಗಳನ್ನು ಸುರಿದವರು ರಂಟೆ ಹೊಡೆಯುವ ಇಂಥ ಭಕ್ತರೇ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆತನವೊಂದರಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನು ಸ್ವಾಮಿಗಳ ಕೃಪೆಗೆ ಪಾತ್ರನಾಗಿ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಲೋಕಪೂಜ್ಯನಾದನು. ಇದೇ ತಾಲೂಕಿನಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಅವರ ಉತ್ತರಾಧಿಕಾರಿಗಳಾದರು. ಗುರುವಿನ ಮಹಿಮೆಯನ್ನು ಹಾಡುವಾಗ, ಕರುಳ ಕುಡಿಯನ್ನು ಗುರುವಿಗೆ ಒಪ್ಪಿಸಿದ ತಾಯಿತಂದೆಗಳ ತ್ಯಾಗವನ್ನು ಮರೆಯುವುದು ಧರ್ಮವಲ್ಲ.

ಈಗ ಒಂದು ಕಠಿಣವಾದ ಪ್ರಶ್ನೆಯು ಭಕ್ತರ ಮುಂದಿದೆ. ಇತ್ತೀಚಿನ ವರ್ಷಗಳಲ್ಲಿ ಹೋರಿಯ ಹಬ್ಬದಲ್ಲಿ ತಿವಿತಕ್ಕೆ ಸಿಕ್ಕಿ ಜೀವಹಾನಿಯಾದ ಸಂಗತಿಗಳು ಮತ್ತೆ ಮತ್ತೆ ನಡೆದಿವೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳನ್ನು ಪ್ರಾಣಿಹಿಂಸೆಯೆಂದು ನಿಷೇಧಿಸಿತು. ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ತಿದ್ದಿ ಕಂಬಳ ಹಾಗೂ ಎತ್ತಿನ ಓಟಗಳಿಗೆ ಅವಕಾಶವನ್ನಿತ್ತಿತು. 2023ರಲ್ಲಿ ಐವರು ನ್ಯಾಯಾಧೀಶರ ಪೀಠವು ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಾಯಿದೆಯ ಮಾತು ಹೀಗಿರಲು, ಶಿವಭಕ್ತನಿಗೆ ಕಾಯಿದೆಗಿಂತಲೂ ಬಿಗಿಯಾದ ಕಟ್ಟಳೆಯೊಂದು ಉಂಟು. ಸೋಮವಾರ ನೊಗವನ್ನಿಡದವನು ಮಂಗಳವಾರ ಅದೇ ಬಸವನಿಗೆ ಚುಚ್ಚಿ ಹೊಡೆದು ಓಡಿಸಿದರೆ, ಆ ವ್ರತಕ್ಕೆ ಏನು ಫಲ? ಹಬ್ಬವನ್ನು ನೋಡಲು ಬಂದ ಮನೆಯ ಆಧಾರಸ್ತಂಭವೇ ಮುರಿದುಬಿದ್ದರೆ, ಹೆಂಡಿರು ಮಕ್ಕಳಿಗೆ ಆ ಗೆಲವಿನ ಕೊಬ್ಬರಿಯಿಂದ ಏನು ಸುಖ? ದಯೆಯನ್ನು ಬಿಟ್ಟ ಆಟವು ಕಾಯಕವನ್ನೂ ಕೆಡಿಸುವುದು, ಸಂಸಾರವನ್ನೂ ಕೆಡಿಸುವುದು. ಗಟ್ಟಿಯಾದ ಬೇಲಿಯನ್ನು ಕಟ್ಟುವುದು, ಮದ್ಯಪಾನಿಗಳನ್ನು ಅಖಾಡದಿಂದ ದೂರವಿಡುವುದು, ಹೋರಿಯನ್ನು ನೋಯಿಸಿದವರಿಗೆ ಊರ ಹಿರಿಯರೇ ದಂಡವನ್ನು ವಿಧಿಸುವುದು ಆಯಾ ಗ್ರಾಮದವರಿಂದ ಆಗಬೇಕಾದ ಕಾರ್ಯಗಳು. ಇದರಲ್ಲಿ ಮಠದ ಮಾತಿಗೆ ಇರುವ ಬಲವು ಮತ್ತಾವುದಕ್ಕೂ ಇಲ್ಲ.

ಸವಣೂರಿನ ದೊಡ್ಡಹುಣಸೆಯ ಕಲ್ಮಠದ ಭಾರಿ ಮರಗಳು ದೂರದ ಆಫ್ರಿಕಾ ಖಂಡದ ಜಾತಿಯವೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ಅವನ್ನು ನೆಟ್ಟ ಕೈ ಯಾರದೆಂದು ಕೇಳದೆಯೇ ಜನರು ಅವುಗಳ ನೆರಳಿನಲ್ಲಿ ನಿಂತು ಕೈಮುಗಿಯುವರು. ವೀರನಿಗೆ ಕಲ್ಲು, ಗುರುವಿಗೆ ಗದ್ದುಗೆ, ಹೋರಿಗೂ ಸಮಾಧಿ ದೊರೆತ ಈ ನಾಡಿನಲ್ಲಿ, ದುಡಿದು ಉಣಿಸಿದ ಗೃಹಸ್ಥ ಭಕ್ತನಿಗೆ ದಾಸೋಹದ ಪಂಕ್ತಿಯೇ ಸ್ಮಾರಕವು. ಆ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ಪ್ರತಿಯೊಬ್ಬ ಶಿಷ್ಯನೂ ಮೊದಲ ತುತ್ತಿಗೆ ಮುನ್ನ ಆತನನ್ನು ಒಂದು ಕ್ಷಣ ನೆನೆದರೆ ಆ ಋಣವು ತಕ್ಕಮಟ್ಟಿಗಾದರೂ ಸಂದಂತಾಗುವುದು.